ಮಣಿಕಟ್ಟಿನ ಕೆಳಗೊಂದು ಹುರುಳಿ ಚೀಲ

ನಮ್ಮ ಶೂಟಿಂಗ್ ಕ್ಲಬ್ಬಿನ ಗಂಡಸರ ಗುರಿ ತಪ್ಪುವುದೇ ಇಲ್ಲ. ತಪ್ಪುವುದೆಲ್ಲ ಪಿಸ್ತೂಲು. ಪಿಸ್ತೂಲು ಅಲ್ಲದಿದ್ದರೆ ಗಾಳಿ, ಗಾಳಿ ಅಲ್ಲದಿದ್ದರೆ ಹೊಸ ಕನ್ನಡಕ, ಅದೂ ಅಲ್ಲದಿದ್ದರೆ ಬರುವ ದಾರಿಯಲ್ಲಿ ತಿಂದ ಗೋಳಿಬಜೆ. ವರ್ಷಗಟ್ಟಲೆ ಭಾನುವಾರಗಳನ್ನು ನಾನು ಇವರ ಜೊತೆ ಕಳೆದಿದ್ದೇನೆ. ‘ನಾನೇ ಸರಿಯಾಗಿ ಹೊಡೆಯಲಿಲ್ಲ’ ಎಂದು ಒಬ್ಬನ ಬಾಯಿಂದಲೂ ಬಂದದ್ದನ್ನು ನನ್ನ ಕಿವಿ ಕೇಳಿಲ್ಲ.

ಕ್ಲಬ್ಬು ಇರುವುದು ಕಾರ್ಕಳಕ್ಕೆ ತಾಗಿಕೊಂಡ ಕುಕ್ಕುಂದೂರಿನಲ್ಲಿ, ಕೆಂಪುಕಲ್ಲು ಕಡಿದು ಬಿಟ್ಟುಹೋದ ಒಂದು ಹೊಂಡದಲ್ಲಿ. ಮೂರು ಕಡೆ ಎತ್ತರದ ಕಲ್ಲಿನ ಗೋಡೆ ಇರುವುದರಿಂದ ಗುಂಡು ಹೊರಗೆ ಹೋಗುವ ಭಯವಿಲ್ಲ. ಈ ಜನರ ಕೈಗೆ ಪಿಸ್ತೂಲು ಸಿಕ್ಕಾಗ ನಾಲ್ಕನೆಯ ಗೋಡೆಯೂ ಇದ್ದಿದ್ದರೆ ಒಳ್ಳೆಯದಿತ್ತು ಎಂದು ನನಗೆ ಎಷ್ಟೋ ಸಲ ಅನ್ನಿಸಿದೆ. ತಗಡಿನ ಮಾಡು, ಅದರಡಿಯಲ್ಲಿ ನಿಂತು ಹೊಡೆಯುವ ಜಾಗ, ಬದಿಯಲ್ಲಿ ಒಂದು ಭಾರದ ಮರದ ಮೇಜು. ಸದಸ್ಯರಲ್ಲಿ ಒಬ್ಬರು ಹಲ್ಲಿನ ಡಾಕ್ಟರು, ಒಬ್ಬರು ಗೇರುಬೀಜದ ಫ್ಯಾಕ್ಟರಿ ಇಟ್ಟವರು, ಉಳಿದವರೆಲ್ಲ ಕಂಟ್ರಾಕ್ಟರುಗಳು. ಹೆಂಗಸು ನಾನೊಬ್ಬಳೇ. ಸ್ಪರ್ಧೆಗೆ ತಂಡ ಕಳಿಸಬೇಕಾದರೆ ಒಬ್ಬ ಹೆಂಗಸಾದರೂ ಇರಬೇಕೆಂದು ಯಾರೋ ಹೇಳಿದ್ದರಂತೆ, ಅದಕ್ಕಾಗಿ ನನ್ನನ್ನು ಸೇರಿಸಿಕೊಂಡರು. ಸೇರಿಸಿಕೊಂಡ ಮೇಲೆ ಇವರೆಲ್ಲರಿಗಿಂತ ಹೆಚ್ಚು ಅಂಕ ನನಗೇ ಬರತೊಡಗಿತು. ಅದಕ್ಕಾಗಿ ಅವರು ಯಾರೂ ನನ್ನನ್ನು ಕ್ಷಮಿಸಲಿಲ್ಲ.

ನಾನು ಮಣಿಪಾಲದ ಒಂದು ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುತ್ತೇನೆ. ಪಾಠಕ್ಕಿಂತ ಹೆಚ್ಚಾಗಿ ನನ್ನ ಆಯುಷ್ಯ ಕಳೆದದ್ದು ಪ್ರಯೋಗಾಲಯದಲ್ಲಿ. ಅಲ್ಲಿ ಹುಡುಗರಿಗೆ ಮೊದಲ ದಿನವೇ ಹೇಳಿಕೊಡುವುದು ಒಂದೇ ಮಾತು: ಉತ್ತರ ತಪ್ಪಾಗಿ ಬಂದರೆ ಅದು ಉಪಕರಣದ ದೋಷವೋ ನಿನ್ನ ದೋಷವೋ ಎಂದು ಬೇರೆ ಮಾಡಿ ನೋಡು. ಹೆಚ್ಚಿನ ಹುಡುಗರಿಗೆ ಒಂದು ತಿಂಗಳಲ್ಲಿ ಇದು ತಲೆಗೆ ಹೋಗುತ್ತದೆ. ನಮ್ಮ ಕ್ಲಬ್ಬಿನ ಅಧ್ಯಕ್ಷರಿಗೆ ಈ ಜನ್ಮದಲ್ಲಿ ಹೋಗುವುದಿಲ್ಲ.

ಅಧ್ಯಕ್ಷರು ಗಲ್ಫಿನಲ್ಲಿ ಎ.ಸಿ. ರಿಪೇರಿಯ ಕಂಪನಿ ನಡೆಸಿ ಊರಿಗೆ ಬಂದವರು. ಭಾನುವಾರ ಬೆಳಿಗ್ಗೆ ಮೈತುಂಬ ಜೇಬಿರುವ ಒಂದು ಖಾಕಿ ಕೋಟು ಹಾಕಿಕೊಂಡು ಕಾರಿನಿಂದ ಇಳಿಯುತ್ತಾರೆ, ಯುದ್ಧಕ್ಕೆ ಹೊರಟವರಂತೆ. ಆ ಜೇಬುಗಳಲ್ಲಿ ಎಂತ ಉಂಟು ಎಂದು ನನಗೆ ಬಹಳ ದಿನ ಕುತೂಹಲವಿತ್ತು. ಒಮ್ಮೆ ಕೋಟು ಕುರ್ಚಿಯ ಮೇಲೆ ಬಿಟ್ಟು ಹೋಗಿದ್ದರು, ಅದು ಜಾರಿ ಬಿದ್ದಾಗ ಒಂದರಿಂದ ಬಾಚಣಿಗೆ ಬಿತ್ತು, ಇನ್ನೊಂದರಿಂದ ಶುಂಠಿ ಪೆಪ್ಪರಮಿಂಟು. ಬೇರೆ ಎಂತ ಮಣ್ಣೂ ಇರಲಿಲ್ಲ. ಆಯುಧಪೂಜೆಯ ದಿನ ಇದೇ ಮಹಾಶಯರು ಕ್ಲಬ್ಬಿನ ಪಿಸ್ತೂಲಿಗೆ ಕುಂಕುಮ ಬಳಿದು, ಮಲ್ಲಿಗೆ ಸುತ್ತಿ, ‘ತುಕ್ಕು ಹಿಡಿಯದ ಹಾಗೆ’ ಎಂದು ತೆಂಗಿನೆಣ್ಣೆಯನ್ನೂ ಸವರಿದರು. ಎಣ್ಣೆ, ಕುಂಕುಮ ಎರಡೂ ಸೇರಿ ಒಳಗೆ ಅಂಟಾಗಿ ಕೂತಿತ್ತು. ದೀಪಾವಳಿಯವರೆಗೆ ಅದನ್ನು ಬಿಚ್ಚಿ ಒರೆಸಿದವಳು ನಾನು.

ಇನ್ನು ಆ ಮೇಜು. ಅದರ ಮುಂದೆ ಕುರ್ಚಿ ಹಾಕಿ ಕುಳಿತು, ಎರಡೂ ಮಣಿಕಟ್ಟುಗಳನ್ನು ಮರಳಿನ ಚೀಲದ ಮೇಲೆ ಊರಿ, ಪಿಸ್ತೂಲು ಅಲುಗದ ಹಾಗೆ ಹಿಡಿದು ಹೊಡೆಯುವುದಕ್ಕೆ ಬೆಂಚ್ ರೆಸ್ಟ್ ಎನ್ನುತ್ತಾರೆ. ಅದು ಇರುವುದು ಪಿಸ್ತೂಲನ್ನು ಪರೀಕ್ಷಿಸಲು. ಮನುಷ್ಯನ ನಡುಕ, ಉಸಿರು, ಆತುರ ಎಲ್ಲವನ್ನೂ ಆದಷ್ಟು ತೆಗೆದುಹಾಕಿದ ಮೇಲೆ ಗುಂಡುಗಳು ಒಂದೇ ಕಡೆ ಬಿದ್ದರೆ ಪಿಸ್ತೂಲು ಸರಿಯಾಗಿದೆ, ಚದುರಿದರೆ ಪಿಸ್ತೂಲೇ ಕೆಟ್ಟಿದೆ. ಇಷ್ಟೇ. ನಮ್ಮ ವೀರರಿಗೆ ಇದು ಪರೀಕ್ಷೆಯ ಮೇಜು ಅಲ್ಲ, ಫೋಟೋ ಸ್ಟುಡಿಯೋ. ನಿಂತು ಹೊಡೆದರೆ ಗುರಿಯ ಕಾಗದಕ್ಕೇ ತಾಗದವರು ಇಲ್ಲಿ ಕೂತು ನಾಲ್ಕು ಹೊಡೆದು, ಆ ಕಾಗದವನ್ನು ಎದೆಗೆ ಹಿಡಿದು ಫೋಟೋ ತೆಗೆಸಿ ವಾಟ್ಸಾಪಿಗೆ ಹಾಕುತ್ತಾರೆ. ಮೇಜಿನ ವಿಷಯ ಮಾತ್ರ ಬರೆಯುವುದಿಲ್ಲ. ಥೂ, ನಾಚಿಕೆಗೇಡು.

ಆ ಕುಳಿತು ಹೊಡೆಯುವುದನ್ನಾದರೂ ಸರಿಯಾಗಿ ಮಾಡುತ್ತಾರಾ ಎಂದರೆ ಅದೂ ಇಲ್ಲ. ಅಧ್ಯಕ್ಷರು ಒಂದು ಹಳೆಯ ಜೀನ್ಸ್ ಪ್ಯಾಂಟಿನ ಕಾಲನ್ನು ಕತ್ತರಿಸಿ ಹೊಲಿಸಿ, ಅದಕ್ಕೆ ಕಾಪುವಿನ ದೀಪಸ್ತಂಭದ ಹತ್ತಿರದ ಸಮುದ್ರದ ಮರಳು ತುಂಬಿಸಿ ತಂದಿದ್ದರು.

“ಇಷ್ಟು ಲಾಯ್ಕದ ಮರಳು ದುಬೈಯಲ್ಲೂ ಇಲ್ಲ ಮೇಡಂ,” ಎಂದರು.

“ಸಮುದ್ರದ ಮರಳಿನಲ್ಲಿ ಉಪ್ಪು ಉಂಟು. ಮಳೆಗಾಲದಲ್ಲಿ ನೀರು ಹಿಡಿಯುತ್ತದೆ,” ಎಂದೆ.

“ಚೀಲಕ್ಕೆ ನೀರು ಹಾಕುವವರು ಯಾರು ಮೇಡಂ? ಮಾಡು ಉಂಟಲ್ಲ!” ಎಂದು ಅವರು ನಕ್ಕರು. ಕಂಟ್ರಾಕ್ಟರುಗಳೂ ನಕ್ಕರು. ಕರಾವಳಿಯಲ್ಲಿ ಹುಟ್ಟಿ ಬೆಳೆದ ಈ ಗಂಡಸರು ಯಾರೂ ಜೂನ್ ತಿಂಗಳಲ್ಲಿ ಸ್ವಂತ ಮನೆಯ ಉಪ್ಪಿನ ಭರಣಿಯ ಮುಚ್ಚಳ ತೆರೆದು ನೋಡಿದವರಲ್ಲ ಎಂದು ಅವತ್ತೇ ಗೊತ್ತಾಯಿತು.

ಸಾಲದ್ದಕ್ಕೆ ಅವರು ಚೀಲದ ಮೇಲೆ ಊರುತ್ತಿದ್ದುದು ಮಣಿಕಟ್ಟನ್ನಲ್ಲ, ಪಿಸ್ತೂಲಿನ ನಳಿಗೆಯನ್ನು. ಮಗುವನ್ನು ದಿಂಬಿನ ಮೇಲೆ ಮಲಗಿಸಿದ ಹಾಗೆ ನಳಿಗೆಯನ್ನು ಮಲಗಿಸಿ ಟ್ರಿಗರ್ ಎಳೆಯುವುದು. ಗುಂಡು ಹಾರುವಾಗ ಪಿಸ್ತೂಲು ಕುಪ್ಪಳಿಸುತ್ತದೆ, ನಳಿಗೆಯ ಕೆಳಗೆ ಗಟ್ಟಿಯಾದದ್ದು ಏನಾದರೂ ಇದ್ದರೆ ಅದಕ್ಕೆ ಬಡಿದು ಒಂದೊಂದು ಸಲ ಒಂದೊಂದು ಕಡೆಗೆ ಎಗರುತ್ತದೆ. ಇದನ್ನು ಹೇಳಿ ಹೇಳಿ ನನಗೆ ಬಾಯಿ ನೋವು ಬಂತು. ‘ಆಯ್ತು ಮೇಡಂ, ಆಯ್ತು’ ಎನ್ನುತ್ತಿದ್ದರು. ಮುಂದಿನ ಭಾನುವಾರ ಮತ್ತೆ ನಳಿಗೆ ದಿಂಬಿನ ಮೇಲೆ.

ನಾನಂತೂ ಆ ಮೇಜಿನ ಹತ್ತಿರ ಸುಳಿಯುತ್ತಿರಲಿಲ್ಲ. ಕಾಲೇಜಿನ ದಿನಗಳಲ್ಲಿ ಎನ್‌ಸಿಸಿಯಲ್ಲಿ ಕಲಿತ ಹಾಗೆ ನಿಂತು, ಒಂದೇ ತೋಳು ಚಾಚಿ ಹೊಡೆಯುವವಳು ನಾನು. ಕೂತು ಹೊಡೆಯುವವರನ್ನು ಕಂಡರೆ ನನಗೆ ನಗು, ಆ ನಗುವನ್ನು ಮುಚ್ಚಿಡುವ ಅಭ್ಯಾಸವೂ ನನಗಿಲ್ಲ. ಹಲ್ಲಿನ ಡಾಕ್ಟರಿಗೆ ಒಮ್ಮೆ ಹೇಳಿದ್ದೆ, “ಡಾಕ್ಟ್ರೇ, ಕೈ ಇಷ್ಟು ನಡುಗುವುದಾದರೆ ಜನರ ಬಾಯಿಗೆ ಹೇಗೆ ಹಾಕ್ತೀರಿ?” ಎಂದು. ಅವರು ಒಂದು ತಿಂಗಳು ನನ್ನ ಜೊತೆ ಮಾತಾಡಲಿಲ್ಲ. ಒಳ್ಳೆಯದೇ ಆಯಿತು, ಕಿವಿಗೆ ವಿಶ್ರಾಂತಿ ಸಿಕ್ಕಿತು.

ಹೀಗಿರುವಾಗ ಕಳೆದ ಬೇಸಿಗೆಯಲ್ಲಿ ನನ್ನ ಗುಂಡುಗಳು ದಾರಿ ತಪ್ಪಲು ಶುರುವಾದವು. ಮೊದಲು ಎಡಕ್ಕೆ ಒಂದಿಷ್ಟು. ಆಮೇಲೆ ಎಡಕ್ಕೂ ಕೆಳಕ್ಕೂ. ಆಮೇಲೆ ಎಲ್ಲೆಂದರಲ್ಲಿ. ತೋಳು ಚಾಚಿದ ಕೂಡಲೇ ಏನೂ ಇಲ್ಲ. ಗುರಿ ಹಿಡಿದು, ಉಸಿರು ಕಟ್ಟಿ, ಟ್ರಿಗರ್ ಮೇಲೆ ಬೆರಳು ಬಿಗಿಯುವ ಹೊತ್ತಿಗೆ ಪಿಸ್ತೂಲಿನ ಮೂತಿ ತನ್ನಷ್ಟಕ್ಕೆ ಸಣ್ಣಗೆ ಕುಣಿಯುತ್ತಿತ್ತು. ಕಾಫಿ ಬಿಟ್ಟು ನೋಡಿದೆ. ಬೇಗ ಮಲಗಿ ನೋಡಿದೆ. ಉಡುಪಿಯ ಬನ್ನಂಜೆಯ ನನ್ನ ಮನೆಯಲ್ಲಿ ಬಾಗಿಲು ಹಾಕಿಕೊಂಡು ನೀರು ತುಂಬಿದ ಬಾಟಲಿ ಹಿಡಿದು ತೋಳು ಚಾಚಿ ಅಭ್ಯಾಸ ಮಾಡಿದೆ. ಬಾಟಲಿಯೊಳಗಿನ ನೀರು ಅಲುಗುತ್ತಿತ್ತು. ಫ್ಯಾನಿನ ಗಾಳಿ ಇರಬೇಕು ಎಂದುಕೊಂಡೆ. ಫ್ಯಾನ್ ಆಫ್ ಮಾಡಿ ನೋಡುವ ಧೈರ್ಯ ನನಗೆ ಬರಲಿಲ್ಲ.

ಅಧ್ಯಕ್ಷರಿಗೆ ಇದಕ್ಕಿಂತ ದೊಡ್ಡ ಹಬ್ಬ ಬೇಕಾ? ನನ್ನ ಕಾಗದವನ್ನು ಎಲ್ಲರ ಎದುರು ಎತ್ತಿ ಹಿಡಿದು, “ಪ್ರಾಯ ಆಯ್ತಲ್ವಾ ಮೇಡಂ, ಇನ್ನು ನೀವೂ ನಮ್ಮ ಹಾಗೆ ಮೇಜಿಗೇ ಬನ್ನಿ,” ಎಂದರು.

“ನಿಮ್ಮ ಹಾಗೆ ಆಗುವ ಮೊದಲು ನಾನು ಹೆಣಿಗೆ ಕಲಿಯುತ್ತೇನೆ,” ಎಂದೆ. ಆದರೆ ಮನೆಗೆ ಬರುವ ದಾರಿಯಲ್ಲಿ ಕಾರಿನ ಸ್ಟಿಯರಿಂಗ್ ಹಿಡಿದ ನನ್ನ ಬಲಗೈಯನ್ನೇ ನೋಡುತ್ತ ಬಂದೆ.

ಯಾಕೆಂದರೆ ಆ ಕೈ ನನಗೆ ಗೊತ್ತು. ನಮ್ಮ ಅಮ್ಮನಿಗೂ ಹೀಗೆಯೇ ಶುರುವಾದದ್ದು, ಬಲಗೈಯಿಂದ, ಹೆಚ್ಚುಕಡಿಮೆ ನನ್ನ ಈಗಿನ ಪ್ರಾಯದಲ್ಲಿ. ಕಾಪುವಿನಿಂದ ಸ್ವಲ್ಪ ಒಳಗೆ ನಮ್ಮ ಮನೆ, ಸುತ್ತ ಮಲ್ಲಿಗೆ ಗಿಡಗಳು. ಬೆಳಗಾಗುವ ಮೊದಲೇ ಮೊಗ್ಗು ಕೊಯ್ದು, ಬಾಳೆನಾರಿನಲ್ಲಿ ಕಟ್ಟಿ, ಹೂವು ಒಯ್ಯುವ ರಿಕ್ಷಾ ಮಧ್ಯಾಹ್ನ ಬರುವುದರೊಳಗೆ ಚೆಂಡು ಮಾಡಿ ಇಡಬೇಕು. ಇಡೀ ಊರಿನಲ್ಲಿ ಅಮ್ಮನಷ್ಟು ಬಿಗಿಯಾಗಿ, ಅಷ್ಟು ಬೇಗ ಕಟ್ಟುವವರು ಇರಲಿಲ್ಲ. ಕೈ ನಡುಗಲು ಶುರುವಾದ ಮೇಲೆ ಗಂಟು ಸಡಿಲವಾಗತೊಡಗಿತು. ಅವಳು ಯಾರಿಗೂ ಏನೂ ಹೇಳಲಿಲ್ಲ. ಅಪ್ಪನ ಹಳೆಯ ಪಂಚೆಯಿಂದ ಒಂದು ಸಣ್ಣ ಚೀಲ ಹೊಲಿದು, ಹುರುಳಿ ತುಂಬಿ, ಮಡಿಲಲ್ಲಿಟ್ಟುಕೊಂಡು ಅದರ ಮೇಲೆ ಮಣಿಕಟ್ಟು ಊರಿ ಕಟ್ಟಲು ಕುಳಿತಳು. ಹೂವಿನ ಬುಟ್ಟಿಯನ್ನೇ ಚೀಲದ ಮೇಲೆ ಇಟ್ಟರೆ ಆಗದಾ ಎಂದು ನಾನು ಕೇಳಿದ್ದಕ್ಕೆ, “ನಡುಗುವುದು ಹೂವಲ್ಲ, ಕೈ. ಕೈಗೆ ಕೊಡಬೇಕು ಆಧಾರ,” ಎಂದಿದ್ದಳು. ಅಧ್ಯಕ್ಷರಿಗೆ ಇವತ್ತಿಗೂ ಅರ್ಥವಾಗದ ವಿಷಯ.

ಚೀಲ ಅವಳನ್ನು ಕೆಲವು ವರ್ಷ ಕಾಯಿತು. ಆಮೇಲೆ ಕಾಯಲಿಲ್ಲ. ಕಡೆಕಡೆಗೆ ಗಂಜಿಯ ಚಮಚ ಬಾಯಿಗೆ ತಲುಪುವ ಮೊದಲೇ ಖಾಲಿಯಾಗುತ್ತಿತ್ತು. ಮಣಿಪಾಲದ ಡಾಕ್ಟರು ಆ ಕಾಯಿಲೆಗೆ ಒಂದು ಹೆಸರು ಹೇಳಿದರು, ‘ಕೆಲವು ಕುಟುಂಬಗಳಲ್ಲಿ ಇಳಿದು ಬರುವುದುಂಟು’ ಎಂದೂ ಹೇಳಿದರು. ಆ ಹೆಸರನ್ನು ನಾನು ಆಮೇಲೆ ಬಾಯಿಬಿಟ್ಟು ಹೇಳಿದ್ದಿಲ್ಲ. ಇಲ್ಲೂ ಬರೆಯುವುದಿಲ್ಲ.

ಆದ್ದರಿಂದ ನನ್ನ ಪ್ರಶ್ನೆ ಅಂಕದ್ದಲ್ಲ, ತಂಡದ್ದೂ ಅಲ್ಲ. ಪಿಸ್ತೂಲು ಕೆಟ್ಟಿದೆಯೋ, ಇಲ್ಲ ನನ್ನ ಕೈಯೋ? ಪಿಸ್ತೂಲೇ ಕೆಟ್ಟಿರಲಿ ದೇವರೇ ಎಂದು, ಎಂದೂ ಹರಕೆ ಹೊರದ ನಾನು ಒಳಗೊಳಗೇ ಬೇಡಿಕೊಳ್ಳುತ್ತಿದ್ದೆ. ಈ ಕ್ಲಬ್ಬಿನ ಗಂಡಸರೆಲ್ಲ ಬಾಯಿಪಾಠ ಮಾಡಿದ ನೆಪವನ್ನೇ ನಾನೂ ಜಪಿಸುತ್ತಿದ್ದೆ. ಅದು ಗೊತ್ತಾದಾಗ ನನ್ನ ಮೇಲೇ ನನಗೆ ಅಸಹ್ಯವಾಯಿತು.

ಜೂನ್ ತಿಂಗಳ ಒಂದು ಭಾನುವಾರ ಅಧ್ಯಕ್ಷರೇ ಹೊರಟರು. “ಮೇಡಮ್ಮಿನ ಮುಖ ನೋಡಲಿಕ್ಕೆ ಆಗುದಿಲ್ಲ ಮಾರಾಯ್ರೆ, ಗನ್ನನ್ನೇ ಒಮ್ಮೆ ಟೆಸ್ಟ್ ಮಾಡುವ,” ಎಂದು ಘೋಷಿಸಿದರು. ಖಾಕಿ ಕೋಟಿನ ತೋಳು ಮಡಚಿ, ಕಿವಿಗೆ ಮುಚ್ಚಳ ಹಾಕಿ, ಮೇಜಿನ ಮುಂದೆ ಕುಳಿತರು. ಆ ಜೀನ್ಸಿನ ಚೀಲ ಮಳೆಗಾಲದ ಗಾಳಿಗೆ ನೀರು ಹಿಡಿದು ಕಪ್ಪಾಗಿ, ಒಳಗಿನ ಮರಳು ಅಂಟಿಕೊಂಡು ಕಲ್ಲಾಗಿತ್ತು. ಅದರ ಮೇಲೆ ನಳಿಗೆಯನ್ನು ಟಕ್ಕೆಂದು ಊರಿದರು. ಹೊಡೆದರು. ಪ್ರತಿ ಸಲವೂ ಪಿಸ್ತೂಲು ಆ ಕಲ್ಲಿನ ಮೇಲಿಂದ ನೆಗೆದದ್ದು ನನ್ನ ಕಣ್ಣಿಗೇ ಕಂಡಿತು. ಕಾಗದ ತಂದು ನೋಡಿದರೆ ತೂತುಗಳು ಮೇಲೆ, ಕೆಳಗೆ, ಬದಿಗೆ, ಒಂದಕ್ಕೊಂದು ಸಂಬಂಧವಿಲ್ಲ.

“ನೋಡಿ! ಗನ್ನೇ ಸರಿ ಇಲ್ಲ. ನಾನು ಆಗ್ಲೇ ಹೇಳಿದ್ದೆ ಅಲ್ವಾ?” ಎಂದರು. ಅವರು ಎಂದೂ ಹಾಗೆ ಹೇಳಿರಲಿಲ್ಲ.

ಜೀವಮಾನದಲ್ಲಿ ಮೊದಲ ಸಲ ಆ ಮನುಷ್ಯನ ಮಾತು ನನಗೆ ಹಿತವಾಗಿ ಕೇಳಿಸಿತು. ಗನ್ನೇ ಸರಿ ಇಲ್ಲ! ಕಾರಿನಲ್ಲಿ ಬರುವಾಗ ದಾರಿಯುದ್ದಕ್ಕೂ ಅದನ್ನೇ ಗುನುಗಿದೆ. ಉಡುಪಿಗೆ ಬಂದು ಹೋಟೆಲಿನಲ್ಲಿ ಕುಳಿತು ಬನ್ಸ್ ತಿಂದು, ಕಾಫಿಯನ್ನೂ ಕುಡಿದೆ. ಲೋಟ ಹಿಡಿದಾಗ ಕೈ ನಡುಗಿದ್ದನ್ನು ಸಂತೋಷದ ನಡುಕ ಎಂದು ಕರೆದೆ. ಇಷ್ಟು ವರ್ಷ ಕಲಿಸಿದ ಭೌತಶಾಸ್ತ್ರಕ್ಕೆ ಬೆಂಕಿ ಬಿತ್ತು.

ಆ ಸುಖ ಬಹಳ ದಿನ ಬಾಳಲಿಲ್ಲ. ಒಂದು ಬೆಳಿಗ್ಗೆ ಸಾರಿಗೆ ಉಪ್ಪು ಹಾಕಲು ಭರಣಿ ತೆರೆದೆ. ಉಪ್ಪು ನೀರು ಬಿಟ್ಟುಕೊಂಡು, ಕೆಳಗೆ ಗಟ್ಟಿಯಾಗಿ ಕೂತಿತ್ತು. ಚಮಚದಿಂದ ಕೆತ್ತಬೇಕಾಯಿತು. ಕೆತ್ತುತ್ತ ಕೆತ್ತುತ್ತ ಕೋಪ ಬಂತು. ಯಾವ ದರಿದ್ರ ಪ್ರಯೋಗ ಅದು? ಕಲ್ಲಾದ ಚೀಲ, ಅದರ ಮೇಲೆ ಊರಿದ ನಳಿಗೆ, ಕೂತವನು ನಿಂತಾಗಲೂ ಗುರಿ ಗೊತ್ತಿಲ್ಲದವನು. ನನ್ನ ಪ್ರಯೋಗಾಲಯದಲ್ಲಿ ಮೊದಲ ವರ್ಷದ ಹುಡುಗ ಇಂಥದ್ದು ಮಾಡಿದ್ದರೆ ಅವನ ಕಾಗದವನ್ನು ಅವನ ಎದುರೇ ಹರಿದು ಹಾಕುತ್ತಿದ್ದೆ. ಈಗ ಉತ್ತರ ನನಗೆ ಬೇಕಾದ ಹಾಗೆ ಬಂದಿದೆ ಎಂದು ಒಪ್ಪಿಕೊಳ್ಳಬೇಕಾ? ಸುಮ್ಮನಿರು, ಬಂದ ಭಾಗ್ಯವನ್ನು ಕಾಲಿನಿಂದ ಒದೆಯಬೇಡ ಎಂದು ಒಂದು ಮನಸ್ಸು. ಥೂ, ನೀನೂ ಅವರ ಹಾಗೆಯೇ ಆದೆಯಲ್ಲ ಎಂದು ಇನ್ನೊಂದು. ಮೂರ್ಖರನ್ನು ನಾನು ಸಹಿಸಬಲ್ಲೆನೇನೋ. ಅವರ ಕೆಲಸವನ್ನು ಸಹಿಸಲು ನನ್ನಿಂದಾಗುವುದಿಲ್ಲ. ಸಾರು ಉಪ್ಪಿಲ್ಲದೆ ಒಲೆಯ ಮೇಲೇ ಉಳಿಯಿತು. ನಾನು ಕಾಪುವಿಗೆ ಹೊರಟೆ.

ತವರಿನಲ್ಲಿ ಈಗ ಇರುವುದು ನನ್ನ ಅಕ್ಕ. ಗಿಡಗಳು ಅವಳದೇ, ಕೊಯ್ಯುವುದೂ ಕಟ್ಟುವುದೂ ಅವಳೇ. ಮಳೆಗಾಲವಾದ್ದರಿಂದ ಹೂವು ಕಡಿಮೆ ಇತ್ತು, ಜಗಲಿಯಲ್ಲಿ ಒಂದು ಸಣ್ಣ ಬುಟ್ಟಿ ಮೊಗ್ಗು ಮಾತ್ರ. ನಾವು ಮಾತಾಡುವುದು ತುಳುವಿನಲ್ಲಿ, ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ.

“ಅಮ್ಮನ ಹುರುಳಿ ಚೀಲ ಎಲ್ಲುಂಟು?” ಎಂದು ಕೇಳಿದೆ.

ಅದು ಪೆಟ್ಟಿಗೆಯಲ್ಲಿ ಇರಲಿಲ್ಲ, ಹೂವಿನ ಬುಟ್ಟಿಯ ಹತ್ತಿರವೇ ಇತ್ತು. ಎತ್ತಿ ನೋಡಿದೆ, ಒಳಗೆ ಹೊಸ ಹುರುಳಿ. “ಹಳತಕ್ಕೆ ಹುಳ ಹಿಡಿದಿತ್ತು,” ಎಂದಳು ಅಕ್ಕ. “ನಿನಗೆ ಎಂತಕ್ಕೆ ಅದು?”

“ಪಿಸ್ತೂಲು ಸರಿ ಉಂಟಾ ಇಲ್ವಾ ನೋಡಲಿಕ್ಕೆ.”

“ಇಲ್ಲದಿದ್ದರೆ?”

“ಇಲ್ಲದಿದ್ದರೆ ಒಳ್ಳೆಯದೇ. ರಿಪೇರಿ ಮಾಡಿಸಿದರೆ ಆಯಿತು.”

“ಸರಿ ಇದ್ದರೆ?”

ನಾನು ಚೀಲವನ್ನು ಕಂಕುಳಿಗೆ ಸಿಕ್ಕಿಸಿದೆ. ಅಕ್ಕ ನನ್ನ ಕೈಯನ್ನು ಒಮ್ಮೆ ನೋಡಿದಳು, ಚಹಾ ಮಾಡಲು ಒಳಗೆ ಹೋದಳು. ಚಹಾ ತಂದದ್ದು ಅರ್ಧ ಲೋಟ ಮಾತ್ರ. ಹಾಲು ಸಾಲಲಿಲ್ಲವೇನೋ ಎಂದುಕೊಂಡೆ.

ಮುಂದಿನ ಭಾನುವಾರ ಕುಕ್ಕುಂದೂರಿಗೆ ಆ ಚೀಲ ಹಿಡಿದುಕೊಂಡು ಹೋದೆ. ಬಿಳಿ ಪಂಚೆ ಹಳದಿಯಾಗಿ, ಅಂಚಿನಲ್ಲಿ ಅಮ್ಮನ ಕೈಹೊಲಿಗೆ. ಕಂಟ್ರಾಕ್ಟರೊಬ್ಬರು, “ಎಂತ ಮೇಡಂ, ಬುತ್ತಿಯಾ?” ಎಂದರು. ಅಧ್ಯಕ್ಷರಿಗೆ ಇದಕ್ಕಿಂತ ಹೆಚ್ಚಿನ ಆಶ್ಚರ್ಯ, ನಾನು ನೆಟ್ಟಗೆ ಹೋಗಿ ಆ ಮೇಜಿನ ಮುಂದೆ ಕುಳಿತದ್ದು. “ಕಡೆಗೂ ಬಂದ್ರಿ ಅಲ್ವಾ ನಮ್ಮ ಮೇಜಿಗೆ!” ಎಂದು ಹಲ್ಲು ಕಿಸಿದರು. ಅವರ ಜೀನ್ಸಿನ ಕಲ್ಲನ್ನು ಎತ್ತಿ ನೆಲಕ್ಕೆ ಹಾಕಿದೆ. ಅದು ಬಿದ್ದ ಸದ್ದಿಗೆ ಅವರೇ ಹಿಂದೆ ಸರಿದರು.

ಚೀಲವನ್ನು ಮೇಜಿನ ಮೇಲಿಟ್ಟು, ನಡುವೆ ಮುಷ್ಟಿಯಿಂದ ಒತ್ತಿ ಒಂದು ತಗ್ಗು ಮಾಡಿದೆ. ಎರಡೂ ಕೈಯಿಂದ ಪಿಸ್ತೂಲು ಹಿಡಿದು, ಮಣಿಕಟ್ಟುಗಳನ್ನು ಆ ತಗ್ಗಿನಲ್ಲಿ ಇಳಿಸಿದೆ. ಹುರುಳಿ ಸರಸರ ಸರಿದು ಜಾಗ ಕೊಟ್ಟಿತು, ಆಮೇಲೆ ಸುತ್ತ ಕೂತು ಕೈಯನ್ನು ಹಿಡಿದುಕೊಂಡಿತು. ನಳಿಗೆಗೆ ಏನೂ ತಾಗಲಿಲ್ಲ, ಅದು ಮುಂದೆ ಗಾಳಿಯಲ್ಲಿತ್ತು. ಮೊಣಕೈಗಳನ್ನು ಮೇಜಿಗೆ ಊರಿದೆ. ಪಿಸ್ತೂಲಿನ ಮೂತಿ ನಿಂತಿತು. ಎಷ್ಟೋ ತಿಂಗಳ ನಂತರ ಅದು ಅಷ್ಟು ಅಲ್ಲಾಡದೆ ನಿಂತದ್ದನ್ನು ನೋಡಿ ಉತ್ತರ ಎಂತ ಬರುತ್ತದೆ ಎಂದು ನನಗೆ ಆಗಲೇ ಗೊತ್ತಾಯಿತು. ಎದ್ದು ಬಿಡಬಹುದಿತ್ತು. ಎದ್ದರೆ ಇವರಿಗೂ ನನಗೂ ಎಂತ ವ್ಯತ್ಯಾಸ? ಅವಸರ ಮಾಡದೆ ಒಂದೊಂದಾಗಿ ಹೊಡೆದೆ.

ಕಾಗದ ತರಲು ಅಧ್ಯಕ್ಷರೇ ಓಡಿದರು. ದೂರದಿಂದಲೇ ಕೂಗು ಕೇಳಿಸಿತು. ಎಲ್ಲ ಗುಂಡುಗಳೂ ಒಂದರ ಮೇಲೊಂದು ಬಿದ್ದು, ಕಾಗದದ ನಡುವೆ ಒಂದೇ ತೂತು. ಒಂದು ರೂಪಾಯಿಯ ನಾಣ್ಯ ಇಟ್ಟರೆ ಮುಚ್ಚಿಹೋಗುವಷ್ಟು.

ಪಿಸ್ತೂಲು ಸರಿಯಾಗಿತ್ತು. ಅದಕ್ಕೆ ಏನೂ ಆಗಿರಲಿಲ್ಲ.

ಆಮೇಲೆ ಆ ಹೊಂಡದಲ್ಲಿ ನಡೆದದ್ದನ್ನು ನೆನೆದರೆ ಇವತ್ತಿಗೂ ನನ್ನ ಮೈ ಉರಿಯುತ್ತದೆ. ಅವರು ಚಪ್ಪಾಳೆ ಹೊಡೆದರು. ಹೌದು, ಚಪ್ಪಾಳೆ! ಕಂಟ್ರಾಕ್ಟರುಗಳು ಶಿಳ್ಳೆ ಹಾಕಿದರು. ಗೇರುಬೀಜದವರು ಕಾರಿನಿಂದ ಹುರಿದ ಬೀಜದ ಪ್ಯಾಕೆಟ್ ತಂದು ನನ್ನ ಕೈಗಿಟ್ಟರು. ಅಧ್ಯಕ್ಷರು ಕಾಗದವನ್ನು ತಲೆಯ ಮೇಲೆ ಹಿಡಿದು ಕುಣಿದರು. “ಚೀಲ ಚೇಂಜ್ ಮಾಡಿದ್ದೇ ಮಾಡಿದ್ದು, ಗನ್ ಸರಿಯಾಯ್ತು ನೋಡಿ! ಮೇಡಂ, ನೀವು ಟೀಮಿನಲ್ಲಿ ಉಂಟು! ಒಂದು ಫೋಟೋ ತೆಗೆಯುವ, ಬನ್ನಿ ಬನ್ನಿ.”

ಇವರಿಗೆ ಯಾರು ಬಿಡಿಸಿ ಹೇಳುವುದು? ಚೀಲ ಪಿಸ್ತೂಲನ್ನು ರಿಪೇರಿ ಮಾಡುವುದಿಲ್ಲ ಮಾರಾಯ್ರೆ, ಆ ತೂತು ಹೇಳುತ್ತಿರುವುದು ನನ್ನ ಕೈಯ ವಿಷಯ, ನೀವು ಚಪ್ಪಾಳೆ ಹೊಡೆಯುತ್ತಿರುವುದು ಅದಕ್ಕೆ ಎಂದು? ಒಬ್ಬರಿಗೂ ತಲೆಗೆ ಹೋಗಲಿಲ್ಲ. ಹಲ್ಲಿನ ಡಾಕ್ಟರು ಮಾತ್ರ ಚಪ್ಪಾಳೆ ಹೊಡೆಯಲಿಲ್ಲ. ಕಾಗದವನ್ನು ನೋಡಿದರು, ಚೀಲವನ್ನು ನೋಡಿದರು, ಬೀಜದ ಪ್ಯಾಕೆಟ್ ಹಿಡಿದ ನನ್ನ ಕೈಯನ್ನು ನೋಡಿದರು. ಪ್ಯಾಕೆಟ್ ಪರಪರ ಸದ್ದು ಮಾಡುತ್ತಿತ್ತು. ಅವರು ನನಗೆ ಹೇಳಬಹುದಾದ ಮಾತು ಒಂದಿತ್ತು, ನಾನೇ ಹಿಂದೊಮ್ಮೆ ಅವರಿಗೆ ಹೇಳಿದ ಮಾತು. ಹೇಳಲಿಲ್ಲ. ಪ್ಯಾಕೆಟನ್ನು ಮೆಲ್ಲ ತೆಗೆದು ಮೇಜಿನ ಮೇಲಿಟ್ಟು, “ಮಣಿಪಾಲದಲ್ಲಿ ನನಗೆ ಗುರ್ತದವರು ಇದ್ದಾರೆ ಮೇಡಂ, ಬೇಕಾದ್ರೆ ಹೇಳಿ,” ಎಂದರು. ಅವರಿಗೆ ನಾನು ಬೈಯಬೇಕಿತ್ತು. ಚೀಲ ಎತ್ತಿಕೊಂಡು ಎದ್ದೆ.

ಫೋಟೋಕ್ಕೆ ನಿಲ್ಲಲಿಲ್ಲ. ಕಾಗದವನ್ನು ಅಧ್ಯಕ್ಷರ ಕೈಯಿಂದ ಕಿತ್ತುಕೊಂಡು, “ಪಿಸ್ತೂಲು ಮೊದಲೂ ಸರಿಯೇ ಇತ್ತು. ನಿಮಗೆ ಪರೀಕ್ಷೆ ಮಾಡಲಿಕ್ಕೆ ಬರುವುದಿಲ್ಲ ಅಷ್ಟೇ,” ಎಂದೆ. ಅವರು ಅದನ್ನೂ ತಮಾಷೆ ಎಂದುಕೊಂಡು ನಕ್ಕರು. ಆ ಸಂಜೆ ವಾಟ್ಸಾಪಿನಲ್ಲಿ ನನಗೆ ಅಭಿನಂದನೆಗಳ ಮಳೆ, ಜೊತೆಗೆ ನನ್ನ ಖಾಲಿ ಕುರ್ಚಿಯ ಪಕ್ಕದಲ್ಲಿ ಅಧ್ಯಕ್ಷರು ನಿಂತ ಫೋಟೋ.

ಕ್ಲಬ್ಬಿನಿಂದ ನಾನು ನೇರ ಮನೆಗೆ ಹೋಗಲಿಲ್ಲ. ಕಾಪುವಿನ ದಾರಿ ಹಿಡಿದೆ. ಅಕ್ಕ ಜಗಲಿಯಲ್ಲಿ ಗೋಡೆಗೆ ಒರಗಿ, ಮುಂದೆ ಬುಟ್ಟಿ ಇಟ್ಟುಕೊಂಡು ಹೂವು ಕಟ್ಟುತ್ತಿದ್ದಳು. ಮಡಿಲ ಮೇಲೆ ಬಾಳೆಲೆ, ಎಲೆಯ ಮೇಲೆ ಮೊಗ್ಗುಗಳು. ಚೀಲವನ್ನು ಅವಳ ಹತ್ತಿರ ಇಟ್ಟು, ನೆಲದ ಮೇಲೆ ಕುಳಿತೆ.

“ಪಿಸ್ತೂಲು ಸರಿ ಉಂಟು,” ಎಂದೆ.

ಅಕ್ಕನ ಕೈ ನಿಂತಿತು. ಅಷ್ಟು ಸಣ್ಣ ಮಾತಿನಲ್ಲಿ ಎಲ್ಲವೂ ಅವಳಿಗೆ ತಿಳಿಯಿತು, ಬಿಡಿಸಿ ಹೇಳಬೇಕಾಗಿ ಬರಲಿಲ್ಲ. ಅಳುತ್ತಾಳೆ ಎಂದುಕೊಂಡೆ. ಅಳಲಿಲ್ಲ. ಚೀಲವನ್ನು ಕಾಲಿನಿಂದ ನನ್ನ ಕಡೆಗೆ ತಳ್ಳಿದಳು.

“ಅದು ನಿನ್ನ ಹತ್ತಿರವೇ ಇರಲಿ. ನಾನು ಬೇರೆ ಹೊಲಿದುಕೊಂಡೆ.”

ಬಾಳೆಲೆಯನ್ನು ಬದಿಗೆ ಸರಿಸಿದಳು. ಅವಳ ಮಡಿಲಿನಲ್ಲಿ ಇನ್ನೊಂದು ಚೀಲವಿತ್ತು, ರವಿಕೆಯ ತುಂಡುಬಟ್ಟೆಯದು, ಹೊಸದು. ಅದರ ಮೇಲೆ ಅವಳ ಬಲಗೈ. ಚೀಲದಿಂದ ಎತ್ತಿ ಗಾಳಿಯಲ್ಲಿ ಹಿಡಿದು ನನಗೆ ತೋರಿಸಿದಳು. ಅದು ನನ್ನ ಕೈಗಿಂತ ಹೆಚ್ಚು ನಡುಗುತ್ತಿತ್ತು. ಆ ಅರ್ಧ ಲೋಟ ಚಹಾ ನನಗೆ ಆಗ ಅರ್ಥವಾಯಿತು.

“ಅಯ್ಯೋ ಅಕ್ಕ! ಯಾವಾಗಿನಿಂದ?”

“ಹೋದ ವರ್ಷದಿಂದ.”

“ಮತ್ತೆ ನನಗೆ ಹೇಳಲಿಲ್ಲ ಯಾಕೆ?” ನನಗೆ ಸಿಟ್ಟು ಬಂತು. ಸಿಟ್ಟಿನಲ್ಲಿ ಸ್ವರ ಏರಿತು, ಕಣ್ಣಲ್ಲಿ ನೀರೂ ಬಂತು. “ನಾನೇನು ಹೊರಗಿನವಳಾ?”

“ನಿನಗೆ ಹೇಳುವುದಾ?” ಅಕ್ಕ ಮೊಗ್ಗುಗಳನ್ನು ಜೋಡಿಸುತ್ತ ತಲೆ ಎತ್ತದೆ ಹೇಳಿದಳು. “ಕೈ ನಡುಗುವವರನ್ನು ಕಂಡರೆ ನಗುವವಳು ನೀನು. ಆ ಹಲ್ಲಿನ ಡಾಕ್ಟರ ಕತೆಯನ್ನು ಇಲ್ಲೇ ಕೂತು ಎಷ್ಟು ಸಲ ಹೇಳಿ ನಗಾಡಿದ್ದಿ, ನೆನಪುಂಟಾ? ನಾನು ಅವತ್ತು ಕೈಯನ್ನು ಸೆರಗಿನೊಳಗೆ ಇಟ್ಟುಕೊಂಡಿದ್ದೆ.”

ಗೇಟಿನ ಹೊರಗೆ ಮೀನಿನವನ ಸ್ಕೂಟರು ಹಾರ್ನ್ ಹಾಕಿ, ಯಾರೂ ಹೊರಗೆ ಬಾರದ್ದನ್ನು ನೋಡಿ ಮುಂದೆ ಹೋಯಿತು. ಅಕ್ಕ ಬುಟ್ಟಿಯಿಂದ ಒಂದು ಹಿಡಿ ಮೊಗ್ಗು ತೆಗೆದು ನನ್ನ ಮುಂದೆ ಸುರಿದಳು, ನೆನೆಸಿದ ಬಾಳೆನಾರು ಒಂದಿಷ್ಟು ಎಸೆದಳು. ಹೂವಿನ ರಿಕ್ಷಾ ಬರುವ ಹೊತ್ತಾಗಿತ್ತು.

ಅಮ್ಮನ ಚೀಲವನ್ನು ಮಡಿಲಲ್ಲಿಟ್ಟುಕೊಂಡೆ. ಮಣಿಕಟ್ಟು ಊರಿದೆ. ಎಷ್ಟೋ ವರ್ಷದಿಂದ ಹೂವು ಕಟ್ಟಿರಲಿಲ್ಲ, ಬೆರಳುಗಳಿಗೆ ಗಂಟು ಮರೆತಿತ್ತು. ಎರಡು ಮೊಗ್ಗು ಈ ಕಡೆ, ಎರಡು ಆ ಕಡೆ, ನಾರು ಸುತ್ತಿ ಎಳೆದೆ. ಅಕ್ಕ ಕಣ್ಣಂಚಿನಿಂದ ನೋಡುತ್ತಿದ್ದಳು.

“ಛೀ, ಎಂತ ಕಟ್ಟುವುದು ಅದು,” ಎಂದಳು. “ಸಡಿಲ ಉಂಟು. ಬಿಚ್ಚಿ ಮತ್ತೊಮ್ಮೆ ಕಟ್ಟು.”

ಬಿಚ್ಚಿ, ಮತ್ತೊಮ್ಮೆ ಕಟ್ಟಿದೆ.